ಬಸ್ಸಿಗೆ ಎರಡು ಗಂಟೆ

ಹಾಸನದಲ್ಲಿ ಇಳಿಯುವಾಗಲೇ
ಎಡಗಾಲ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.
ಮುಂದಿನ ಬಸ್ಸಿಗೆ ಇನ್ನೂ ಎರಡು ಗಂಟೆ.
ಕಾಂಪೌಂಡಿನ ಮಗ್ಗುಲಲ್ಲಿ ಜೋಡು ಹೊಲಿಯುವ ಚನ್ನಿಗಪ್ಪ
"ಕೂತ್ಕೊಂಡು ಏನ್ಮಾಡ್ತೀಯ, ಊರು ನೋಡ್ಕೊಂಡ್ ಬಾ" ಅಂತ
ಗೋಣಿಯೊಳಗಿಂದ ಯಾರದೋ ಜೋಡು ತೆಗೆದುಕೊಟ್ಟ.

ಒಂದಂಗುಲ ದೊಡ್ಡವು. ಹಿಮ್ಮಡಿಯಲ್ಲಿ
ಕಾಣದವನ ತೂಕ ಗುಂಡಿ ಬಿದ್ದಿತ್ತು.
ನಾನು ಬಲಕ್ಕೆ ಅಂದರೆ ಅವು ಎಡಕ್ಕೆ:
ಕಟ್ಟಿನಕೆರೆ ಮಾರ್ಕೆಟ್ಟು, ಮಣ್ಣು ಮೆತ್ತಿದ ಆಲೂಗಡ್ಡೆ,
ತಕ್ಕಡಿ ಹಿಡಿದವಳು ನನ್ನ ಪಾದ ನೋಡಿ
ಮುಖ ನೋಡಿ
ಏನೋ ಹೇಳಹೊರಟು ನುಂಗಿಕೊಂಡಳು.

ಹಾಸನಾಂಬೆಯ ಬಾಗಿಲಿಗೆ ಬೀಗ.
ವರ್ಷಕ್ಕೊಮ್ಮೆ ತೆರೆಯುವವಳಿಗೆ
ಎರಡು ಗಂಟೆಯವನು ಏನು ಕೇಳಲಿ?
ಹೊರಗೇ ಕೈಮುಗಿದು ತಿರುಗಿದರೆ
ಜೋಡು ಬಿಟ್ಟಲ್ಲೇ ಇದ್ದವು. ಯಾಕೋ ಸಮಾಧಾನ.

ಆಮೇಲೆ ಒಂದು ಟೀ. ಒಂದು ಓಣಿ ತಪ್ಪಿದ್ದು.
ತಪ್ಪಿದ್ದು ನಾನು, ಅವಲ್ಲ.

"ಊರು ಚೆನ್ನಾಗಿ ಗೊತ್ತು ಇವಕ್ಕೆ, ಯಾರವು?"
ಚನ್ನಿಗಪ್ಪ ದಾರವನ್ನು ಹಲ್ಲಲ್ಲಿ ಕಡಿದ.
"ಯಾವೂರೋನೋ. ನಿನ್ನಂಗೇ, ಬಸ್ಸಿಗೆ ಟೈಮೈತೆ ಅಂದ.
ಬೇರೆ ಜೋಡು ಕೊಟ್ಟೆ. ಊರು ನೋಡಕ್ಕೆ ಹೋದ.
ನಾಕು ವರ್ಷ ಆಯ್ತು."

ಇಪ್ಪತ್ತು ರೂಪಾಯಿ ಕೊಟ್ಟು ಬಸ್ಸು ಹತ್ತಿದೆ.
ನನ್ನ ಚಪ್ಪಲಿಯೇ.
ಸ್ವಲ್ಪ ಬಿಗಿ.