ಆರನೇ ಇಲಿ

ಮೇಣದ ಇಟ್ಟಿಗೆಯೊಳಗೆ ಕೂತಿದೆ ಯಕೃತ್ತು,
ಕಡಲೆಕಾಳಷ್ಟು.
ಹಿಡಿ ತಿರುಗಿಸುತ್ತೇನೆ: ಐದು ಮೈಕ್ರಾನ್, ಮತ್ತೆ ಐದು.
ಅಲಗಿನ ತುದಿಯಿಂದ ಒಂದಕ್ಕೊಂದು ಅಂಟಿಕೊಂಡು
ಹೊರಬರುತ್ತದೆ ರಿಬ್ಬನ್ನು,
ಉಸಿರು ಬಿಟ್ಟರೆ ಹಾರಿಹೋಗುವಂಥದ್ದು.
ಹತ್ತೊಂಬತ್ತು ವರ್ಷ ಹೀಗೆ ಉಸಿರು ಹಿಡಿದೇ
ಸಂಬಳ ತಗೊಂಡಿದ್ದೇನೆ.

ಬಿಸಿನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ,
ಗಾಜಿಗೆ ಎತ್ತಿಕೊಂಡು
ನೇರಳೆ ಬಣ್ಣದಲ್ಲೊಮ್ಮೆ ಅದ್ದು, ಗುಲಾಬಿಯಲ್ಲೊಮ್ಮೆ.
ನೇರಳೆ ಹಿಡಿಯುವುದು ಕೋಶದ ಬೀಜಕ್ಕೆ,
ಗುಲಾಬಿ ಉಳಿದ ಮೈಗೆ.
ಕೊಬ್ಬಿದ್ದಲ್ಲಿ ಏನೂ ಹಿಡಿಯದು.
ಅದು ಮೊದಲೇ ಸ್ಪಿರಿಟ್ಟಿನಲ್ಲಿ ಕರಗಿಹೋಗಿ
ಇದ್ದ ಜಾಗವಷ್ಟೇ ಉಳಿದಿರುತ್ತದೆ,
ದುಂಡಗೆ, ಬೆಳ್ಳಗೆ.

ಮೇದಿನಿ ಡಾಕ್ಟರ ಇಲಿಗಳು ಇಪ್ಪತ್ತನಾಲ್ಕು.
ಎಂಟಕ್ಕೆ ಬರೀ ಒಣ ಉಂಡೆ, ತುಂಗೆಯ ನಲ್ಲಿನೀರು.
ಎಂಟಕ್ಕೆ ಸಕ್ಕರೆನೀರು.
ಕೊನೆಯ ಎಂಟಕ್ಕೆ ಸಕ್ಕರೆಯ ಜೊತೆ ಎಣ್ಣೆ,
ಹೊಸದಲ್ಲ, ಕಾದು ಕಾದು ಕಪ್ಪಾದದ್ದು.
ತರಲು ನನ್ನನ್ನೇ ಕಳಿಸಿದ್ದರು
ದುರ್ಗಿಗುಡಿಯ ತೀರ್ಥಪ್ಪನ ಗಾಡಿಗೆ.
'ಎಷ್ಟು ದಿನದ್ದು?' ಅಂದೆ.
'ಯಾವ ಲೆಕ್ಕ ಸಾರ್, ತಳ ಕಂಡಾಗ ಹುಯ್ತೀನಿ,
ಪೂರ್ತಿ ಬದಲಿಸಿದ್ದು ನೆನಪಿಲ್ಲ' ಅಂದ,
ಮುಚ್ಚುಮರೆಯಿಲ್ಲದೆ.
ಬಾಟಲಿ ತುಂಬಿಸಿಕೊಂಡೆ. ಚೀಟಿ ಅಂಟಿಸಿದೆ.
ನಿಂತೇ ಎರಡು ಮೆಣಸಿನಕಾಯಿ ಬೋಂಡಾ ತಿಂದೆ,
ಮಂಡಕ್ಕಿ ಜೊತೆ.

ಹನ್ನೆರಡು ವಾರ
ಇಲಿಮನೆಯ ಹಾಲಪ್ಪ ಬೋನು ತೊಳೆದ, ಹೊಟ್ಟು ಹಾಸಿದ,
ತೂಕ ಬರೆದ, ಎಡಗಾಲು ಎಳೆಯುತ್ತ.
ಎರಡು ವರ್ಷದ ಹಿಂದೆ ಆ ಕಾಲಿನ ಹೆಬ್ಬೆರಳು
ಫಾರ್ಮಲಿನ್ ಡಬ್ಬಿಯಲ್ಲಿ ನನ್ನ ಮೇಜಿಗೇ ಬಂದಿತ್ತು.
ಚೀಟಿಯ ಮೇಲೆ ಹೆಸರಿಲ್ಲ, ನಂಬರು;
ನಮ್ಮಲ್ಲಿ ಹೆಸರು ನೋಡಿ ಕೊಯ್ಯುವುದಿಲ್ಲ.
ರಕ್ತನಾಳದ ಗೋಡೆ ಒಳಕ್ಕೇ ಊದಿ ಊದಿ
ಸೂಜಿ ಹೋಗಲೂ ದಾರಿಯಿರಲಿಲ್ಲ,
ನರದ ಕಟ್ಟು ಹಳೇ ಹಗ್ಗದ ಹಾಗೆ ಬಿಚ್ಚಿಕೊಂಡಿತ್ತು.
ಆಮೇಲೆ ಕ್ಯಾಂಟೀನಿನಲ್ಲಿ ಅವನೇ ಕೇಳಿದ:
'ಹೆಂಗಿತ್ತು ಸಾರ್ ನನ್ ಬೆಳ್ಳು?'
ಕೈಯಲ್ಲಿ ಕಾಫಿ, ಮೂರು ಚಮಚ ಸಕ್ಕರೆ.

ಇವತ್ತು ನೋಡಿದೆವು.
ಎಣ್ಣೆಯ ಗುಂಪು ಗೊತ್ತಿದ್ದದ್ದೇ:
ಕೋಶ ಕೋಶದಲ್ಲೂ ಬಿಳಿ ಗುಳ್ಳೆ,
ಬೀಜ ಗೋಡೆಗೆ ಒತ್ತಿಕೊಂಡು ನಿಂತಿದೆ
ನೆಂಟರು ತುಂಬಿದ ಮನೆಯಲ್ಲಿ
ಮೂಲೆ ಹಿಡಿದ ಒಡತಿಯ ಹಾಗೆ.
ಒಣ ಉಂಡೆ ತಿಂದವು ಚೊಕ್ಕ,
ಈಗಷ್ಟೇ ನಾಟಿ ಮುಗಿಸಿದ ಗದ್ದೆ, ಸಾಲು ಸಾಲು.
ಆರನೆಯದೊಂದು ಬಿಟ್ಟು.

ಆರರಲ್ಲೂ ಗುಳ್ಳೆ.
ಮೇದಿನಿ ಡಾಕ್ಟರು ಸ್ಲೈಡು ತೆಗೆದರು, ಚೀಟಿ ಓದಿದರು, ಮತ್ತೆ ಇಟ್ಟರು.
'ಅದಲುಬದಲಾಯ್ತಾ ರುದ್ರಾಚಾರ್ರೇ?'
'ನನ್ನ ಕೈಯಲ್ಲಿ ಇವತ್ತಿನವರೆಗೆ ಆಗಿಲ್ಲ' ಅಂದೆ,
ಬೇಕಾದ್ದಕ್ಕಿಂತ ಗಡುಸಾಗಿ.

ಸಂಜೆ ಇಲಿಮನೆಗೆ ಇಳಿದೆ.
ಬೋನುಗಳೆಲ್ಲ ಖಾಲಿ, ಬೋರಲು ಹಾಕಿದ್ದವು.
ಕೇಳುವ ಮೊದಲೇ ಹಾಲಪ್ಪ ಅಂದ:
'ನಾನು ಪೊಟ್ಣ ಬಿಚ್ಚಿದ ಕೂಡ್ಲೆ
ಸರಳು ಹಿಡ್ಕಂಡು ನಿಂತ್ಕಳದು ಸಾರ್ ಅದು.
ಬೇರೆವು ನಿಂತ್ಕಳ್ತಿರ್ಲಿಲ್ಲ.
ನಂಗೆ ಡಾಕ್ಟ್ರು ಬ್ಯಾಡ ಅಂದಿದ್ರಲ್ಲಿ ಒಂದ್ ಚೂರು
ಅದುಕ್ಕೊಂದ್ ಚೂರು.
ದಿನಾ ಅಲ್ಲ.'
ನಲ್ಲಿ ನಿಲ್ಲಿಸಿದ.
'ದಿನಾ.'

ಒಂದು ಬೋನಿನ ಸರಳಿಗೆ
ಕಡಲೆಹಿಟ್ಟಿನ ಚೂರು ಒಣಗಿ ಕೂತಿತ್ತು.
ನಾನೇ ಉಗುರಲ್ಲಿ ಕೆರೆದೆ.

ಮೇಲೆ ದಾಖಲೆ ಪುಸ್ತಕದಲ್ಲಿ
ಮೇದಿನಿ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದುಹೋಗಿದ್ದರು:
ಆರು. ಕಾರಣ ತಿಳಿಯದು. ಕೈಬಿಡಲಾಗಿದೆ.
ಇಪ್ಪತ್ತನಾಲ್ಕರಲ್ಲಿ
ಒಬ್ಬರಾದರೂ ಕೈಬಿಡದೆ ಇದ್ದದ್ದು ಅದನ್ನೊಂದೇ.
ಹೇಳಬೇಕು ನಾಳೆ. ಹೇಳಿದರೆ ಅವನ ಕೆಲಸ;
ಹೇಳದಿದ್ದರೆ ನನ್ನದೂ ಒಂದು ಕೆಲಸವಾ?

ದುರ್ಗಿಗುಡಿಯಲ್ಲಿ ಬಾಣಲೆ ಹೊಗೆಯಾಡುತ್ತಿತ್ತು.
ದೂರದಿಂದಲೇ ಜಾಲರಿಸೌಟು ಎತ್ತಿ
ತೀರ್ಥಪ್ಪ ಕೂಗಿದ:
'ಇವತ್ತು ಬಾಟ್ಲಿಗಾ ಸಾರ್, ಪ್ಲೇಟಿಗಾ?'