ಭಾನುವಾರದ ಖಾನೆ

ಸಿದ್ದಾಪುರದಲ್ಲಿ ನಮ್ಮ ಅಂಕಣವೆಂದರೆ
ಇಗರ್ಜಿಯ ಹಿಂದಿನ ಕಾಫಿ ಕಣ.
ಜನವರಿಯಿಂದ ಮಾರ್ಚ್‌ವರೆಗೆ ಅರ್ಧ ನಮ್ಮದು,
ಅರ್ಧ ಒಣಗುವ ಹಣ್ಣಿನದು.
ಸುಣ್ಣದ ಗೆರೆ ದಾಟಿದ ಚೆಂಡು
ರೋಬಸ್ಟಾದಲ್ಲಿ ಹೊರಳಿ, ಅಂಟಂಟಾಗಿ ವಾಪಸು ಬರುತ್ತದೆ.

ಮೊದಲ ಕೆಲಸ ಪೊರಕೆ.
ಹಿಮ್ಮಡಿಯಡಿ ಒಂದೇ ಒಂದು ಹಣ್ಣು ಸಾಕು,
ಕಣಕಾಲು ಹೊರಳಿ ಆರು ವಾರ ಬೆಂಚು.
"ಆಡೋಕೆ ಬಂದಿದ್ದಾ ಮಿಸ್, ಗುಡಿಸೋಕಾ?"
ಗುಡಿಸಿ ಅನ್ನುತ್ತೇನೆ. ಸೊಂಟದಿಂದ ಬಗ್ಗಿ, ಬೆನ್ನಿಂದಲ್ಲ.
ಮೈ ಬಿಸಿಯಾಗುವುದು ಇಲ್ಲಿಂದಲೇ.

ಊರಿಗೆ ಊರೇ ಹಾಕಿಯದು.
ದೇಚಕ್ಕನ ಅಜ್ಜ ಗೇಟಿನ ಬಳಿ ನಿಂತು ಕೇಳುತ್ತಾರೆ:
"ಕೋಲಿಲ್ಲದೆ ಎಂಥ ಆಟವಮ್ಮಾ ಅದು?"
ಇದೆ ಅಜ್ಜ, ಒಬ್ಬೊಬ್ಬಳಿಗೆ ಎರಡೆರಡು,
ತೊಡೆಯಿಂದ ಪಾದದ ತನಕ.
ಅದನ್ನೇ ಹದ ಮಾಡುತ್ತಿದ್ದೇವೆ.

ನನಗೆ ಎಲ್ಲರೂ ಹಾರುವುದನ್ನೇ ಕಲಿಸಿದರು.
ಹತ್ತೊಂಬತ್ತರಲ್ಲಿ, ಮಂಗಳೂರಿನ ಮರದ ನೆಲದಲ್ಲಿ
ಎಲ್ಲರಿಗಿಂತ ಮೇಲೆ ಹೋಗಿ ರೀಬೌಂಡ್ ಹಿಡಿದೆ.
ಚೆಂಡು ಕೈಯಲ್ಲೇ ಇತ್ತು.
ಮಂಡಿ ಒಳಕ್ಕೆ ಬಾಗಿ, ಹಸಿ ಬಿದಿರು ಸೀಳಿದ ಸದ್ದು.
ನೋವು ಆಮೇಲೆ ಬಂತು.
ಈಗಲೂ ಯಾರಾದರೂ ಬಿದಿರು ಸೀಳಿದರೆ
ಎಡಗೈ ತಾನಾಗಿ ಮಂಡಿಗೆ ಹೋಗುತ್ತದೆ.

ಹಾಗಾಗಿ ಇಲ್ಲಿ ಮೊದಲು ಇಳಿಯುವ ಪಾಠ.
ಸಿಮೆಂಟಿಗೆ ಕರುಣೆಯಿಲ್ಲ.
ಮೆಟ್ಟಿಲಿಂದ ಜಿಗಿ, ಸದ್ದಾಗದ ಹಾಗೆ ಇಳಿ.
ಮಂಡಿಗಳು ಕಾಲ್ಬೆರಳಿನ ದಿಕ್ಕಿಗೇ ನೋಡಲಿ,
ಒಂದರ ಕಿವಿಗೊಂದು ಗುಟ್ಟು ಹೇಳಲು ಹೋಗದಿರಲಿ.
ಶಫ್ನ ಇಳಿದರೆ ಮೂಟೆ ಬಿದ್ದ ಹಾಗೆ.
ಮತ್ತೊಮ್ಮೆ. ಮತ್ತೊಮ್ಮೆ.
ಬೆಕ್ಕು ಗೋಡೆಯಿಂದ ಇಳಿಯುವುದು ನೋಡಿಲ್ಲವೇನೇ?
ಹದಿಮೂರನೆಯ ಸಲ ನನಗೆ ಕೇಳಿದ್ದು
ಅವಳ ಉಸಿರು ಮಾತ್ರ.

ಒಂದು ದಿನ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿ ಅಂದೆ.
ದೇಚಕ್ಕ ಒಂಬತ್ತು ಸೆಕೆಂಡು. ಗ್ಲೆನಿಟಾ ನಕ್ಕು ಕೆಟ್ಟಳು, ಆರು.
ಬಿಂದು ನಿಂತಳು.
ಮುಳ್ಳು ಒಂದು ಸುತ್ತು ಬಂತು, ನಿಂತೇ ಇದ್ದಳು.
ಗೆರೆಯಾಚೆ ಯಾರೋ ಹಣ್ಣು ಕೆದಕುತ್ತಿದ್ದರು.
ಎಲ್ಲಿ ಕಲಿತೆ ಇದನ್ನ?
"ಮೆಣಸು ಕೊಯ್ಲು ಮಿಸ್. ಒಂಟಿ ಬಿದಿರಿನ ಏಣಿ.
ಒಂದು ಕಾಲು ಗೂಟದ ಮೇಲೆ,
ಇನ್ನೊಂದಕ್ಕೆ ಜಾಗ ಇರಲ್ಲ."

ನನ್ನ ಪುಸ್ತಕದಲ್ಲಿ ವಾರಕ್ಕೆ ಏಳು ಖಾನೆ.
ಸೋಮವಾರ ತೊಡೆ. ಮಂಗಳವಾರ ಹೊಟ್ಟೆ, ಬೆನ್ನು.
ಬುಧವಾರ ಮೀನಖಂಡ ಎಳೆದು ಹಿಗ್ಗಿಸುವುದು, ಆತುರವಿಲ್ಲದೆ.
ಭಾನುವಾರಕ್ಕೆ ದುಂಡಗೆ ಬರೆದಿದ್ದೆ: ವಿಶ್ರಾಂತಿ.
ಕೆಳಗೊಂದು ಕೆಂಪು ಗೆರೆ ಬೇರೆ.
ದಣಿದ ಸ್ನಾಯು ಗಟ್ಟಿಯಾಗುವುದು ಮಲಗಿದಾಗ,
ಇದು ನನ್ನದೇ ಭಾಷಣ.

ಅವಳ ಭಾನುವಾರ ಏಳು ಗಂಟೆಗೆ ಏಣಿ ಹತ್ತುತ್ತದೆ.
ಅಮ್ಮನ ಲೆಕ್ಕಕ್ಕೆ ಇವಳ ಕೈಯೂ ಸೇರಿ ನಲವತ್ತು ಕಿಲೋ,
ತಕ್ಕಡಿಯ ತನಕ ಬಲ ಭುಜದ ಮೇಲೆ.
ಅದೇ ಭುಜ ಫ್ರೀ ಥ್ರೋಗೆ ಏಳುವುದಿಲ್ಲವೆಂದು
ಎರಡು ತಿಂಗಳಿಂದ ನಾನು
ಮೊಣಕೈ ತಿದ್ದುತ್ತಾ ಇದ್ದೆ.

ಆ ರಾತ್ರಿ ವಿಶ್ರಾಂತಿ ಅಳಿಸಿ ಬರೆದೆ:
ಏಣಿ, ಎಂಟು ಗಂಟೆ. ಮೂಟೆ, ಎಡಕ್ಕೂ ಬದಲಿಸಲು ಹೇಳುವುದು.
ಸೋಮವಾರ ಎಲ್ಲರೂ ಕುಕ್ಕರಗಾಲಲ್ಲಿ ಕೂತು ಏಳುವಾಗ
ಬಿಂದು ಕಣದಂಚಲ್ಲಿ ಅಂಗಾತ, ಕಾಲೆರಡೂ ಗೋಡೆಗೆ.
"ನಾಚಿಕೆಯಾಗ್ತದೆ ಮಿಸ್, ಸುಮ್ನೆ ಮಲಗೋಕೆ."
ಮಲಗು. ಇದೂ ಎಣಿಕೆಯದೇ.
ಎಣಿಸಲು ನಾನಿದ್ದೇನೆ.

ಕಳೆದ ಭಾನುವಾರ ತೋಟಕ್ಕೆ ಹೋದೆ.
ನೋಡಿಯೇ ಬಿಡೋಣವೆಂದು ಏಣಿ ಹತ್ತಿದೆ, ನಾಲ್ಕು ಗೂಟ.
ಮೇಲೆ ಮೆಣಸಿನ ಘಾಟು, ಕೈಗೆ ಎರಡು ಗೊಂಚಲು.
ಹಳೆಯ ಮಂಡಿ ನಡುಗತೊಡಗಿತು.
ಕೆಳಗೆ ಬಿದಿರು ಹಿಡಿದಿದ್ದ ಅವಳಮ್ಮ
ನಗಲಿಲ್ಲ.
"ಹತ್ತೋದು ಯಾರಾದ್ರೂ ಹತ್ತುತ್ತಾರೆ" ಅಂದಳು.
"ಮೊದ್ಲು ಹೆಬ್ಬೆರಳು ಇಡಿ. ಗೂಟ ಸಿಕ್ತಾ?
ಸಿಕ್ಕಿದ ಮೇಲೆ ಭಾರ."