ಬಿಳಿ ಚುಕ್ಕೆ

ತೀನ್ ಕಂದೀಲಿನ ಮಗ್ಗುಲಿಗೆ ನನ್ನ ಅಂಗಡಿ.
ಆರಡಿ ಅಗಲ, ಒಂದು ಫ್ಯಾನು, ಭೂತಗನ್ನಡಿ,
ಒಡೆದ ಪರದೆಗಳ ಡಬ್ಬಿ.
ಅಬ್ಬಾ ಇಲ್ಲೇ ರೇಡಿಯೊ ರಿಪೇರಿ ಮಾಡುತ್ತಿದ್ದರು.
ಎಪ್ಪತ್ತೊಂದರ ಡಿಸೆಂಬರಿನಲ್ಲಿ
ಬಿದ್ದ ಊರುಗಳ ಹೆಸರು ಕೇಳಿ ಕೇಳಿ
ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರಂತೆ.
ಕೊನೆಗೆ ಢಾಕಾ ಅಂತ ಬರೆದು, ಕೆಳಗೆ ಗೆರೆ ಎಳೆದು,
ಲೆಕ್ಕ ಮುಗಿಸಿದ ಕಿರಾಣಿಯವನ ಹಾಗೆ ಕೈ ಝಾಡಿಸಿ
ಎದುರಿನ ಹೋಟೆಲಿಗೆ ಚಹಾಕ್ಕೆ ಹೋದರಂತೆ.

ಯಂಕೋಬ ಬಂದದ್ದು ಮೊನ್ನೆ, ಮಟಮಟ ಮಧ್ಯಾಹ್ನ.
ಕಾಡ್ಲೂರಿನವನು. ಫೌಜಿಗೆ ಹೋಗಿ ಒಂಬತ್ತು ವರ್ಷ.
ರಜೆ ಮೇಲೆ ಬಂದವನ ಹಾಗೆ ಕಾಣಲಿಲ್ಲ,
ಎಲ್ಲೋ ಮರೆತದ್ದನ್ನು ಹುಡುಕುವವನ ಹಾಗಿದ್ದ.
ಫೋನು ಕೊಟ್ಟ. ಗಾಜಿನ ತುಂಬ ಜೇಡರ ಬಲೆ.

"ಬಿತ್ತೇನು?"
"ಒಗೆದೆ."

ಸ್ಕ್ರೂ ಬಿಚ್ಚುತ್ತ ಕೇಳಿದೆ, ಊರೆಲ್ಲ ಕೇಳುವ ಮಾತೇ:
ಗೆದ್ದಿವಂತಲ್ಲೊ ತಮ್ಮ?
ಟೀವಿಯವರು ಒಂಬತ್ತಕ್ಕೇ ಪಟಾಕಿ ಹಚ್ಚಿದರು.
ಆ ಕಡೆಯ ಊರುಗಳಲ್ಲೂ ಹಚ್ಚಿದರಂತೆ,
ಅದೇ ರಾತ್ರಿ, ಅದೇ ನಮೂನೆಯವು.

"ನಾ ಬಂದೂಕ ಮುಟ್ಟೇ ಇಲ್ಲಕ್ಕ.
ಎ.ಸಿ. ಡಬ್ಬಿಯೊಳಗ ಕುಂತಿದ್ದೆ, ಸ್ವೆಟರ್ ಹಾಕ್ಕೊಂಡು.
ಪರದೆ ಮ್ಯಾಲ ಒಂದು ಬಿಳಿ ಚುಕ್ಕಿ.
ಬೆಚ್ಚಗಿರೋದು ಬಿಳಿ ಕಾಣ್ತದ.
ಎದ್ದು ಎರಡು ಹೆಜ್ಜಿ ನಡೀತು. ಕುಂತ್ಕೊಂತು.
ಬೀಡಿ ಸೇದಾಕತ್ತಿದ್ದನೋ, ಬೂಟು ಬಿಚ್ಚಾಕತ್ತಿದ್ದನೋ.
ಆಮ್ಯಾಲ ಪರದೆ ಪೂರಾ ಬೆಳ್ಳಗಾತು.
ತಿರುಗಿ ಕಾಣೋ ಹೊತ್ತಿಗೆ ಚುಕ್ಕಿ ಇರಲಿಲ್ಲ.
ಸಾಹೇಬ್ರು ಕೇಳಿದ್ರು, ಎಷ್ಟು?
ಒಂದು ಅಂದೆ.
ಸಂಜಿಗೆ ಟೀವ್ಯಾಗ ಅದು ನಲವತ್ತಾಗಿತ್ತು."

ಹೊರಗೆ ಕೋಟೆಯ ಗೋಡೆ ಕಾದ ಹಂಚಿನಂತೆ.
ಇದಕ್ಕಾಗಿ ಎಷ್ಟು ಸಲ ಕಾದಾಡಿದರೋ.
ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ,
ನಡುವೆ ನಾವು, ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ.
ಆದರೂ ಆಗ ಗೆಲುವಿಗೊಂದು ಬಾಗಿಲಿತ್ತು.
ಗೆದ್ದವನು ಅದನ್ನು ದಾಟಿಯೇ ಒಳಗೆ ಬರಬೇಕು,
ಸೋತವರ ಬಾವಿಯ ನೀರು ಕುಡಿಯಬೇಕು,
ಅವರ ಹೆಣದ ವಾಸನೆ ಅವನ ಊಟಕ್ಕೂ ಬರಬೇಕು.
ಬೀಗದ ಕೈ ಬರುತ್ತಿತ್ತು, ಕೊಟ್ಟವನ ಬೆವರಿನ ಸಮೇತ.
ಅದು ಒಳ್ಳೆಯದಿತ್ತು ಅನ್ನುವುದಿಲ್ಲ ನಾನು.
ಗೋಡೆಯ ಮೇಲೆ ಕಲ್ಲು ಎಳೆದ ಕೋಣಗಳನ್ನು ಕೆತ್ತಿದ್ದಾರೆ,
ಸತ್ತವರನ್ನು ಕೆತ್ತಿಲ್ಲ.

ಕೋರ್ಟಿನ ವ್ಯಾಜ್ಯಕ್ಕೆ ನಮ್ಮಲ್ಲೊಂದು ಮಾತಿದೆ:
ಗೆದ್ದವ ಸೋತ, ಸೋತವ ಸತ್ತ.
ಯಂಕೋಬನಿಗೆ ಈ ಗಾದೆ ಅಳತೆ ಕೂಡುವುದಿಲ್ಲ.
ಅವನ ಮೈಮೇಲೆ ಒಂದು ಗೀರೂ ಇಲ್ಲ.
ಯಾರೋ ಯಾರಿಗೋ ಫೋನು ಮಾಡಿದರಂತೆ, ಮುಗಿಯಿತಂತೆ.
ಅಬ್ಬಾನ ಬಾಗಿಲ ಮೇಲೆ ಈಗ ನಾನು
ಯಾವ ಊರಿನ ಹೆಸರು ಬರೆದು ಗೆರೆ ಎಳೆಯಲಿ?

ಹೊಸ ಪರದೆ ಕೂಡಿಸಿದೆ. ಹೊತ್ತಿಸಿದರೆ
ಬಲಗಡೆ, ಮೇಲೆ, ಎಳ್ಳಿಗಿಂತ ಸಣ್ಣದೊಂದು ಬಿಳಿ ಚುಕ್ಕೆ.
ಇಂಥವು ಆರುವುದಿಲ್ಲ.
ಮಾಲೇ ಹಾಗೆ ಬಂದದ, ನಾಳೆ ಬಾ, ಬದಲಿ ಹಾಕ್ತೀನಿ ಅಂದೆ.
ಅವನು ಫೋನು ಕಣ್ಣಿನ ಹತ್ತಿರ ಹಿಡಿದ.
ಬಹಳ ಹೊತ್ತು ನೋಡಿದ,
ಅದು ಎದ್ದು ಎರಡು ಹೆಜ್ಜೆ ನಡೆದೀತೇನೋ ಎಂಬಂತೆ.

"ಇರಲಿ ಬಿಡಕ್ಕ."

ಎರಡು ಸಾವಿರ ಇಟ್ಟ. ಇನ್ನೂರು ವಾಪಸು ಕೊಡಬೇಕಿತ್ತು,
ಚಿಲ್ಲರೆ ಹುಡುಕುವಷ್ಟರಲ್ಲಿ ಬಿಸಿಲಿಗೆ ಇಳಿದಿದ್ದ.
ಬಾಗಿಲಿಗೆ ಬಂದು ನೋಡಿದೆ.
ಹಣ್ಣಿನ ಗಾಡಿಯವರು, ಬುರ್ಖಾದವರು, ಶಾಲೆ ಬಿಟ್ಟ ಹುಡುಗರು,
ಕಂಬದ ನೆರಳಲ್ಲಿ ನಿಂತ ಪೋಲೀಸಿನವನು,
ತೀನ್ ಕಂದೀಲಿನ ತುಂಬ ಜನ,
ಎಲ್ಲರೂ ಬೆಚ್ಚಗೆ.